ಅಳದ ಸೊಸೆಯ ತಕರಾರು

ಹಾನಗಲ್,
ಶುಕ್ರವಾರ, ೧೨ ಡಿಸೆಂಬರ್ ೨೦೨೫

ಪ್ರೀತಿಯ ಅತ್ತೆಯವರಿಗೆ ಸುಧಾರಾಣಿಯ ನಮಸ್ಕಾರಗಳು.

ನಿಮ್ಮ ಮೊಣಕಾಲು ಈಗ ಹೇಗಿದೆ? ಹಿರೇಕೆರೂರಿನಲ್ಲಿ ಗಿರಿಜಕ್ಕನ ಮನೆಯ ಮೆಟ್ಟಿಲು ಎತ್ತರ, ಇಳಿಯುವಾಗ ಗೋಡೆ ಹಿಡಿದು ಇಳಿಯಿರಿ. ಬಿ.ಪಿ. ಗುಳಿಗೆ ನಾಷ್ಟಾ ಆದ ಮೇಲೆ, ಮೊದಲಲ್ಲ. ಚಹಾಕ್ಕೆ ಸಕ್ಕರೆ ಕೈ ಬಿಚ್ಚಿ ಹಾಕಿಕೊಳ್ಳುತ್ತೀರೆಂದು ನಿಮ್ಮ ಮೊಮ್ಮಗಳು ಫೋನಿನಲ್ಲಿ ಚಾಡಿ ಹೇಳಿದ್ದಾಳೆ. ಮಗಳ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೆಂದು ತಿಳಿದಿರಾ? ಇಲ್ಲಿ ನಾವೆಲ್ಲ ಆರಾಮ ಎಂದು ಬರೆಯಬೇಕು, ಆದರೆ ಬರೆಯುವುದಿಲ್ಲ. ಫೋನ್ ಮಾಡಿದರೆ ನೀವು ‘ಆರಾಮ ಅದೇನಿ, ತಗೋ, ಗಿರಿಜಾನ ಕೂಡ ಮಾತಾಡು’ ಎಂದು ದಾಟಿಸಿಬಿಡುತ್ತೀರಿ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಏಳನೇ ಇಯತ್ತೆ ಪಾಸಾದವರು, ಪೇಪರನ್ನು ಓಣಿಗೆಲ್ಲ ಕೇಳುವ ಹಾಗೆ ಓದುವವರು ನೀವು. ಇದನ್ನು ಮಾತ್ರ ಮನಸ್ಸಿನಲ್ಲೇ ಓದಿಕೊಳ್ಳಿ.

ನನಗೆ ಸಿಟ್ಟು ಬಂದಿದೆ, ಅತ್ತಿ. ಸುತ್ತಿ ಬಳಸಿ ಹೇಳುವುದೇಕೆ? ಹೊನ್ನವ್ವ ದೊಡ್ಡವ್ವ ನಿಮ್ಮ ಒಡಹುಟ್ಟಿದ ಅಕ್ಕ, ನಿಮ್ಮ ದುಃಖ ದೊಡ್ಡದು, ಒಪ್ಪಿದೆ. ಆದರೆ ಹಿರೇಬೆಂಡಿಗೇರಿಯಿಂದ ಅವರನ್ನು ನಮ್ಮ ಮನೆಗೆ ಕರೆತಂದ ದಿನದಿಂದ ಮಗ್ಗುಲು ಹೊರಳಿಸಿದವಳು, ಬೆನ್ನಿನ ಹುಣ್ಣು ತೊಳೆದವಳು, ಮೂಗಿನ ನಳಿಗೆಯಿಂದ ತಿಳಿಗಂಜಿ ಬಿಟ್ಟವಳು ನಾನು. ನರ್ಸಿಂಗ್ ಹೋಮಿನ ಡ್ಯೂಟಿ ಮುಗಿಸಿ ಬಂದರೆ ಮನೆಯಲ್ಲಿ ಇನ್ನೊಂದು ಡ್ಯೂಟಿ. ಅದಕ್ಕೆ ನಾನು ಒಂದು ದಿನವೂ ಮುಖ ಸಣ್ಣದು ಮಾಡಲಿಲ್ಲ. ದೊಡ್ಡವ್ವ ನನ್ನನ್ನು ‘ಡಾಕ್ಟರವ್ವಾ’ ಎಂದು ಕರೆಯುತ್ತಿದ್ದರು, ಆ ಬಡ್ತಿ ನನಗೆ ಬೇರೆ ಯಾರೂ ಕೊಟ್ಟಿಲ್ಲ. ಅವರ ಉಸಿರು ನಿಂತ ಮಧ್ಯಾಹ್ನ ನಾನು ನಾಡಿ ನೋಡಿದೆ, ಎದೆಗೆ ಕಿವಿಯಿಟ್ಟೆ, ಕಣ್ಣು ಮುಚ್ಚಿದೆ, ನಳಿಗೆ ತೆಗೆದೆ, ಆಮೇಲೆ ಕೈಗಡಿಯಾರ ನೋಡಿ ಜೀವ ಹೋದ ಹೊತ್ತು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. ವಾರ್ಡಿನಲ್ಲಾದರೆ ಬರೆದುಕೊಳ್ಳಲು ಪಕ್ಕದಲ್ಲಿ ಯಾರಾದರೂ ನಿಂತಿರುತ್ತಾರೆ. ನಮ್ಮ ಪಡಸಾಲೆಯಲ್ಲಿ ನೀವು ನಿಂತಿದ್ದಿರಿ. ‘ಗಡಿಯಾರ ನೋಡ್ತೀಯಲ್ಲ, ಆಕಿ ನಿನ್ನ ಆಸ್ಪತ್ರಿ ಪೇಶಂಟೇನ?’ ಎಂದಿರಿ. ಕೈ ತನ್ನಷ್ಟಕ್ಕೆ ಮಾಡಿಬಿಟ್ಟಿತ್ತು, ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತ್ತು.

ಆಮೇಲೆ ಓಣಿಯವರೆಲ್ಲ ಬಂದರು. ದೊಡ್ಡವ್ವನನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದರು. ಹೆಂಗಸರು ಹಾಡಿ ಹಾಡಿ ಅತ್ತರು. ನಾನು ಬಂಧುಗಳಿಗೆ ಫೋನ್ ಮಾಡುತ್ತಿದ್ದೆ, ನಿಮಗೆ ತಲೆ ಸುತ್ತೀತೆಂದು ನೀರಿಗೆ ಸಕ್ಕರೆ ಕಲಸುತ್ತಿದ್ದೆ. ಎದುರು ಮನೆಯ ಗಂಗಾಬಾಯಿಯವರು ಅಡುಗೆಮನೆಯ ಬಾಗಿಲಲ್ಲೇ ನಿಂತು ‘ಕಲ್ಲು ಅದಾಳ ನೋಡ್ರಿ, ಒಂದ ಹನಿ ಇಲ್ಲ’ ಎಂದದ್ದು ನಿಮಗೂ ಕೇಳಿಸಿತು. ನೀವು ಅವರ ಬಾಯಿ ಮುಚ್ಚಿಸುತ್ತೀರೆಂದು ಕಾದೆ. ನೀವು ಮುಚ್ಚಿಸಲಿಲ್ಲ. ದೊಡ್ಡವ್ವನ ಹೆಸರಿನ ಶಿವಗಣಾರಾಧನೆ ಆದ ಮರುದಿನವೇ ಚೀಲ ಹಿಡಿದು ಹಿರೇಕೆರೂರು ಬಸ್ಸು ಹತ್ತಿದಿರಿ, ‘ನನಗ ಅಳಾಕ ಒಂದು ಮನಿ ಬೇಕವಾ’ ಎಂದು. ಹಾಗಾದರೆ ಇದು ಏನು, ಛತ್ರವೇ? ಆ ಗಂಗಾಬಾಯಿಯವರು ಅದೇ ವಾರ ನಮ್ಮ ಕಟ್ಟೆಗೆ ಬಂದು ತೋಳು ಚಾಚಿ ಕುಳಿತರು. ‘ಸ್ವಲ್ಪ ಬಿ.ಪಿ. ನೋಡವಾ, ನಿನ್ನ ಕೈ ಭಾಳ ಹಗುರ.’ ನೋಡಿದೆ. ಕಲ್ಲಾದರೂ ಕೈ ಹಗುರವಲ್ಲವೇ. ಪಟ್ಟಿಯನ್ನು ತುಸು ಬಿಗಿಯಾಗಿಯೇ ಕಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಸಿಸ್ಟರ್ ದಾವಲಬಿ ನನಗೆ ಕಲಿಸಿದ ಮೊದಲ ಪಾಠ, ‘ನೀನ ಅತ್ರ ಆ ಮಂದಿ ಯಾರ ಮಾರಿ ನೋಡಬೇಕು?’ ಎಂದು. ಒಂದು ಹಸುಗೂಸು ಹೋಗಿತ್ತು, ನಾನು ಕಾರಿಡಾರಿನಲ್ಲಿ ಬಿಕ್ಕುತ್ತಿದ್ದೆ. ಅವತ್ತು ನುಂಗುವುದನ್ನು ಕಲಿತೆ. ಆಸ್ಪತ್ರೆಯಲ್ಲಿ ಇದಕ್ಕೇ ಶಹಬ್ಬಾಸ್ ಎನ್ನುತ್ತಾರೆ, ಮನೆಯಲ್ಲಿ ಇದಕ್ಕೇ ಕಲ್ಲು ಎನ್ನುತ್ತಾರೆ. ನಗುವುದೂ ತಪ್ಪು. ಹೋದ ವಾರ ನನ್ನ ಜೊತೆಯ ನರ್ಸ್ ಸುಮಯ್ಯ ಏನೋ ತಮಾಷೆ ಹೇಳಿದಳು, ಬೆಳಗಿನಿಂದ ಮೊದಲ ಬಾರಿಗೆ ನಕ್ಕೆ. ಒಬ್ಬ ರೋಗಿಯ ಮಗ ಮೊಬೈಲ್ ಹಿಡಿದು ಬಂದು ಮುಖದ ಮುಂದೆಯೇ ವಿಡಿಯೋ ಮಾಡಿದ, ‘ನಮ್ಮವ್ವ ನರಳಾಕತ್ತಾಳ, ಇವರು ಹಲ್ಲ ಕಿಸಿಯಾಕತ್ತಾರ ನೋಡ್ರಿ’ ಎಂದು. ಮ್ಯಾನೇಜರು ನಮ್ಮಿಬ್ಬರಿಂದಲೂ ಕ್ಷಮೆ ಕೇಳಿಸಿದರು. ಸುಮಯ್ಯ ಅದರ ನಂತರ ಊಟದ ಡಬ್ಬಿಯನ್ನೇ ತೆರೆಯಲಿಲ್ಲ. ನಾನು ತೆರೆದೆ, ತಿಂದದ್ದು ಏನೆಂದು ನೆನಪಿಲ್ಲ.

ಇದೆಲ್ಲ ನಮ್ಮ ಮನಸ್ಸಿಗೆ ಬಹಳ ಒತ್ತಡವಾಗಿದೆಯೆಂದು ಕೊನೆಗೂ ಮ್ಯಾನೇಜರಿಗೆ ಹೊಳೆದು, ಹುಬ್ಬಳ್ಳಿಯಿಂದ ಮನಸ್ಸು ಹಗುರ ಮಾಡುವ ತರಬೇತಿ ಕೊಡುವವನೊಬ್ಬನನ್ನು ಕರೆಸಿದರು. ಯಾವಾಗ ಎನ್ನುತ್ತೀರಿ? ಡ್ಯೂಟಿ ಮುಗಿದ ಮೇಲೆ, ಎಲ್ಲರಿಗೂ ಹೊಟ್ಟೆ ಚುರುಗುಟ್ಟುವ ಹೊತ್ತಿಗೆ. ಆತ ಒಬ್ಬೊಬ್ಬರ ಕೈಗೂ ಒಂದೊಂದು ಬಲೂನು ಕೊಟ್ಟು, ನಿಮ್ಮ ಚಿಂತೆಯನ್ನೆಲ್ಲ ಇದರಲ್ಲಿ ಊದಿ ಒಡೆಯಿರಿ ಎಂದ. ಒಡೆದೆವು. ಪಕ್ಕದ ವಾರ್ಡಿನಲ್ಲಿ ಆಗತಾನೆ ನಿದ್ದೆ ಹತ್ತಿದ್ದ ರೋಗಿಗಳೆಲ್ಲ ಎದ್ದು ಕುಳಿತರು, ಡ್ಯೂಟಿಯಲ್ಲಿದ್ದ ದಾವಲಬಿ ಸಿಸ್ಟರ್ ಓಡಿಬಂದು ನಮ್ಮನ್ನೆಲ್ಲ ಬೈದರು. ಚಿಂತೆ ಹೋಗುವುದಿರಲಿ, ಬೈಗುಳ ಬೇರೆ. ಆಮೇಲೆ ಆತ, ದಣಿದು ಮನೆಗೆ ಹೋದಾಗ ನಿಮಗೆ ಆಸರೆ ಯಾರು, ಒಬ್ಬೊಬ್ಬರೇ ಹೇಳಿ ಎಂದ. ಸುಮಯ್ಯ ಅಮ್ಮಿ ಎಂದಳು. ಒಬ್ಬಳು ಗಂಡ ಎಂದಳು, ಒಬ್ಬಳು ಟಿವಿ ಎಂದಳು. ನಾನು ‘ನಮ್ಮತ್ತಿ’ ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು, ಆತನೂ ನಕ್ಕ. ನಾನು ಚೇಷ್ಟೆ ಮಾಡಿದೆನೆಂದು ತಿಳಿದರು. ನನಗೆ ಸಿಟ್ಟು ನೆತ್ತಿಗೇರಿತು, ಅವರ ಮೇಲಲ್ಲ, ನಿಮ್ಮ ಮೇಲೆ. ಆಸರೆ ಎಂದು ಹೆಸರು ಹೇಳಿದವರೇ ಮನೆಯಲ್ಲಿಲ್ಲ.

ನಾನು ಹೇಳಿದ್ದು ಸುಳ್ಳೇ, ಅತ್ತಿ? ನಾನು ಬಂದ ಕೂಡಲೇ ಬಚ್ಚಲಿಗೆ ಅಟ್ಟುತ್ತಿದ್ದಿರಿ, ಬಿಸಿನೀರು ತೋಡಿಟ್ಟಿರುತ್ತಿದ್ದಿರಿ. ಆಮೇಲೆ ರೊಟ್ಟಿ ಬಡಿಯುತ್ತ, ‘ಹೂಂ, ಇವತ್ತ ಯಾರ ಬಂದಿದ್ರು?’ ಎಂದು ಶುರು. ನಾನು ಹೇಳುತ್ತಿದ್ದೆ, ನೀವು ನನ್ನ ಪರವಾಗಿ ಬೈಯುತ್ತಿದ್ದಿರಿ. ಕಣ್ಣಾರೆ ಕಂಡಿರದ ಡಾಕ್ಟರನ್ನು ಬೈದಿರಿ, ಮ್ಯಾನೇಜರ ಇಡೀ ಬಳಗವನ್ನು ಬೈದಿರಿ. ‘ಅವನ ಬಾಯಾಗ ಮಣ್ಣ ಹಾಕ’ ಎಂದು ನೀವು ರೊಟ್ಟಿಗೆ ಒಂದು ಏಟು ಜೋರಾಗಿ ಹಾಕಿದರೆ ನನ್ನ ಅರ್ಧ ದಣಿವು ಇಳಿಯುತ್ತಿತ್ತು. ನಿಮ್ಮ ಮಗನಿಗೆ ಈಗ ಅದೇ ವಿಷಯ ಹೇಳಿದರೆ, ಅವರು ಕ್ಯಾಮೆರಾ ಒರೆಸುತ್ತ ‘ಹಂಗಾರ ಕೆಲಸ ಬಿಟ್ಟಬಿಡು’ ಎನ್ನುತ್ತಾರೆ. ಕೆಲಸ ಬಿಡುವ ಮಾತು ನಾನು ಕೇಳಿದೆನೇ? ಬೈಯಲು ಬಾರದ ಗಂಡಸನ್ನು ಹಡೆದಿದ್ದೀರಿ, ಒಳ್ಳೆಯವರೇ, ಆದರೆ ಉಪಯೋಗಕ್ಕಿಲ್ಲ. ಆ ವಿಡಿಯೋ ಮಾಡಿದವನನ್ನು ಇನ್ನೂ ಯಾರೂ ಬೈದಿಲ್ಲ. ಎಲ್ಲ ಒಳಗೇ ಕುಳಿತಿದೆ. ಮೊನ್ನೆ ಒಬ್ಬ ಅಜ್ಜಿಗೆ ಸೂಜಿ ಚುಚ್ಚುವಾಗ ಅವರು ನೋವೆಂದರು, ನಾನು ಗದರಿಬಿಟ್ಟೆ. ಆ ಅಜ್ಜಿ ತೋಳನ್ನು ಸೆರಗಿನೊಳಗೆ ಎಳೆದುಕೊಂಡರು. ಅಂಥವಳು ನಾನಾಗಿರಲಿಲ್ಲ. ಇನ್ನು ಕೆಲವು ತಿಂಗಳು ಹೀಗೇ ಹೋದರೆ ಗಂಗಾಬಾಯಿಯವರ ಮಾತು ನಿಜವಾಗುತ್ತದೆಯೆಂದು ಹೆದರಿಕೆ ನನಗೆ.

ಗಿರಿಜಕ್ಕನಿಗೆ, ಅವರ ಮನೆಯವರಿಗೆ ನನ್ನ ನೆನಪು ಹೇಳಿ. ಚಾಡಿ ಹೇಳಿದ ಮೊಮ್ಮಗಳನ್ನು ಬೈಯಬೇಡಿ, ಮುತ್ತು ಕೊಡಿ. ಕಾಲು ನೋಯುವಾಗ ಎಣ್ಣೆ ಹಚ್ಚಿಸಿಕೊಳ್ಳಿ. ನಿಮ್ಮ ಹಾರೈಕೆ ನನ್ನ ಮೇಲೆ ಇನ್ನೂ ಇದ್ದರೆ ಇರಲಿ.

ನಿಮ್ಮ ಸೊಸೆ,
ಸುಧಾರಾಣಿ

ತಾ.ಕ.: ನಿಮ್ಮ ಮಗ ಹಿರೇಕೆರೂರಿಗೆ ಮದುವೆಯ ಫೋಟೋ ತೆಗೆಯಲು ಹೊರಟಿದ್ದಾರೆ, ಪತ್ರ ಕೊಡು ಎಂದು ಗಾಡಿ ಚಾಲೂ ಮಾಡಿ ನಿಂತಿದ್ದಾರೆ. ಬರೆಯಬಾರದೆಂದಿದ್ದೆ, ಬರೆಯುತ್ತೇನೆ. ದೊಡ್ಡವ್ವನಿಗಾಗಿ ನಾನು ಇನ್ನೂ ಅತ್ತಿಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು ನೋಡಿದೆ, ಬರಲಿಲ್ಲ. ಒಬ್ಬಳೇ ಕುಳಿತು ಅಳಲು ನನಗೆ ಬರುವುದಿಲ್ಲ ಅತ್ತಿ, ಕೊರಳಿಗೆ ಬಿದ್ದೇ ಅಳಬೇಕು. ಅವತ್ತು ನಿಮ್ಮ ಕೊರಳಿಗೆ ಓಣಿಯ ಹೆಂಗಸರೆಲ್ಲ ಬಿದ್ದಿದ್ದರು, ನನಗೆ ಜಾಗವಿರಲಿಲ್ಲ. ಬರುವ ದಿನ ಮೊದಲೇ ತಿಳಿಸಿ, ನಾನು ರಜೆ ಹಾಕುತ್ತೇನೆ.