ಸಾಸಿವೆ ಸಿಡಿಯದ ಒಗ್ಗರಣೆ

ಹೀರುಹೊಲ, ಏಳನೆಯ ತಲೆಮಾರಿನ ಕಾರ್ತಿಕ. ನಿಮ್ಮ ಲೆಕ್ಕದಲ್ಲಿ ೨೨೩೧.

ಕೈಗಾರಿಕಾ ಬಡಾವಣೆಯ ಅಂಚಿನಲ್ಲಿ ಲೋಹಲೇಪನದ ಶೆಡ್ಡು ನಡೆಸುತ್ತಿರುವ ಮಹನೀಯರಿಗೆ,

ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದಲ್ಲಿ ಅವುಗಳ ಅಗತ್ಯ ಬಿದ್ದಿರಲಿಲ್ಲ. ನಾನು ಇಲ್ಲಿಯ ಮಣ್ಣುಪರೀಕ್ಷಕ. ನಿಮ್ಮ ಬಡಾವಣೆ ಇದ್ದ ನೆಲದಲ್ಲಿ ನಾವೀಗ ಹೀರುಬೆಳೆ ಬಿತ್ತುತ್ತೇವೆ. ಅದು ಉಣ್ಣುವುದಕ್ಕಲ್ಲ, ಮಣ್ಣಿನೊಳಗಿನ ಕ್ಯಾಡ್ಮಿಯಂ, ಸೀಸಗಳನ್ನು ಬೇರಿನಿಂದ ಎಳೆದುಕೊಳ್ಳಲೆಂದು ಬೆಳೆಯುವಂಥದ್ದು. ಬೇರೇನಲ್ಲ, ಸಾಸಿವೆ. ಹೂ ಬಿಡುವ ಮೊದಲೇ ಕೊಯ್ದು, ಮುಚ್ಚಿದ ಗೂಡಿನಲ್ಲಿ ಸುಟ್ಟು, ಬೂದಿಯನ್ನು ಗಾಜಿನೊಂದಿಗೆ ಕರಗಿಸಿ ಅಚ್ಚು ಹಾಕುತ್ತೇವೆ. ಆದ್ದರಿಂದ ನಮ್ಮ ಒಗ್ಗರಣೆಗೆ ಜೀರಿಗೆ, ಒಣಮೆಣಸಿನಕಾಯಿ, ಕರಿಬೇವು ಮಾತ್ರ. ಹೊರಗಿನಿಂದ ಬಂದ ಸೊಸೆಯೊಬ್ಬಳು ತವರಿನ ಸಾಸಿವೆಯನ್ನು ಬಾಣಲೆಗೆ ಹಾಕಿದಾಗ, ಆ ಚಟಪಟ ಸದ್ದಿಗೆ ಮನೆಯ ಮಕ್ಕಳು ಅಂಗಳಕ್ಕೆ ಓಡಿದ್ದರು. ರಾಗಿ, ಅಕ್ಕಿ, ಕುಡಿಯುವ ನೀರು ಎಲ್ಲವೂ ಗುಡ್ಡದಾಚೆಯಿಂದ ಬರುತ್ತವೆ.

ಇಲ್ಲೊಂದು ಕಟ್ಟಳೆಯಿದೆ. ಮಣ್ಣು ಹಸನಾಗುವವರೆಗೆ, ಅಂದರೆ ಲೋಹದ ಅಂಶ ಮಿತಿಗಿಂತ ಕೆಳಗಿಳಿಯುವವರೆಗೆ, ಬಸುರಿಯರು ಊರಿನಲ್ಲಿ ಇರುವಂತಿಲ್ಲ. ಅವರು ಗುಡ್ಡದಾಚೆಗೆ ಹೋಗಬೇಕು. ಮಗುವಿಗೆ ಏಳು ವರ್ಷ ತುಂಬಿದ ಮೇಲಷ್ಟೇ ಹಿಂತಿರುಗಬಹುದು. ಇದಕ್ಕೆ ಆಚೆಬಾಣಂತನ ಎನ್ನುತ್ತೇವೆ. ನನ್ನ ಅಕ್ಕ ಹೊನ್ನಾಜಮ್ಮನ ಮಗಳು ಇಂಚರ ಈಗ ಬಸುರಿ. ಅವಳ ಗಂಡ ಗೂಡಿನ ಕೆಲಸದವನು, ಜೊತೆಗೆ ಹೋಗಲಾರ. ಈ ಸಲದ ಪರೀಕ್ಷೆಯಲ್ಲಿ ಮಣ್ಣು ಹಸನಾಗಿದ್ದರೆ ಅವಳು ಇಲ್ಲಿಯೇ ಹೆರಬಹುದಿತ್ತು.

ಬೇಸಿಗೆಯ ಅಳತೆ ಮಿತಿಯೊಳಗಿತ್ತು. ಮಳೆಗಾಲ ಕಳೆದು ಅಂತರ್ಜಲ ಏರಿದ ಮೇಲೆ ಕ್ಯಾಡ್ಮಿಯಂ ಮತ್ತೆ ಮೇಲಕ್ಕೆ ಬಂದಿತು. ಅಕ್ಕ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, "ಅಳತೆ ಮುಳ್ಳು ಒಂದು ಕೂದಲೆಳೆ ಈಚೆಗೆ ನಿಂತ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೋ?" ಎಂದಳು.

"ಅವ್ವಾ, ಅವರಪ್ಪ ನಿಂಗೂ ಅಪ್ಪನೇ ಅಲ್ವಾ?" ಎಂದು ಅವಳ ಹಿಂದೆಯೇ ಬಂದಿದ್ದ ಇಂಚರ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಇದ್ದದ್ದು ಇದ್ದಂಗೆ ಬರಿ ಮಾವ. ಸುಳ್ಳು ಬರೆದ್ರೆ ನಾಳೆ ಮಗೂನ ಎತ್ಕೊಳ್ಳೋಕೆ ನೀನೇ ಹೆದರ್ತೀಯ" ಎಂದಳು.

ಇದ್ದದ್ದನ್ನು ಬರೆದೆ.

ಪ್ರತಿ ವರ್ಷವೂ ಲೋಹ ಏರುವುದು ಮಳೆಯ ಬಳಿಕ, ತಳದಿಂದ. ನೀವು ಲೇಪನದ ತೊಟ್ಟಿಗಳ ನೀರನ್ನು ಬತ್ತಿದ ಬಾವಿಯೊಂದಕ್ಕೆ ಸುರಿದು, ಕೊನೆಗೆ ಚಪ್ಪಡಿ ಮುಚ್ಚಿ, ಅದರ ಮೇಲೆ ಕಟ್ಟಡ ಎಬ್ಬಿಸಿರಬೇಕೆಂಬುದು ನನ್ನ ತೀರ್ಮಾನ. ನಿಮ್ಮ ಬಡಾವಣೆ ನಕ್ಷೆಯಿಲ್ಲದೆ ಬೆಳೆದದ್ದು. ಶೆಡ್ಡಿಗೆ ಶೆಡ್ಡು ಅಂಟಿಕೊಂಡಿತು. ಚರಂಡಿಯನ್ನು ಆಮೇಲೆ ನೋಡೋಣ ಎಂದವರು ಆಮೇಲೂ ನೋಡಲಿಲ್ಲ. ನನ್ನ ಅಜ್ಜನ ಕಾಲದಿಂದ ಅಗೆದರೂ ಆ ಬಾವಿ ನಮಗೆ ಸಿಕ್ಕಿಲ್ಲ. ಸಿಕ್ಕರೆ ಅದರ ಹೂಳೆತ್ತಿ ಗಾಜಾಗಿಸುವುದು ನಮಗೆ ಗೊತ್ತು.

ಸುರಿಯಬೇಡಿ ಎಂದು ಕೇಳುವುದೇ ನ್ಯಾಯ. ಆದರೆ ಸುರಿದಿದ್ದೀರಿ ಎಂದು ನನ್ನ ಮುಂದಿರುವ ಮಣ್ಣು ಹೇಳುತ್ತಿದೆ; ಅಳತೆಗೆ ವಿರುದ್ಧವಾದುದನ್ನು ಬೇಡುವ ಅಭ್ಯಾಸ ನನಗಿಲ್ಲ. ಆದ್ದರಿಂದ ಇಷ್ಟನ್ನು ಮಾತ್ರ ಕೇಳುತ್ತೇನೆ. ಬಾವಿ ಮುಚ್ಚುವ ದಿನ ಗುರುತಿಗೆ ಅದರ ಮೇಲೊಂದು ಕಲ್ಲು ನೆಡಿ. ಹೆಸರು ಬೇಡ, ಕಾರಣವೂ ಬೇಡ.

ಇಂಚರಳನ್ನು ಇಂದು ಗುಡ್ಡ ದಾಟಿಸಿ ಬಂದೆ. ನಾಳೆ ಪೂರ್ವದ ಮೂಲೆಯಲ್ಲಿ ಅಗೆಯಲು ಆರಂಭಿಸುತ್ತೇವೆ. ಕಲ್ಲು ಸಿಕ್ಕರೆ ಇಲ್ಲಿ ಯಾರೂ ನಿಮ್ಮನ್ನು ಬೈಯುವುದಿಲ್ಲ.

ಇತಿ,
ಬೋರಲಿಂಗಯ್ಯ
ಮಣ್ಣುಪರೀಕ್ಷಕ