ನಲವತ್ತೊಂದನೆಯ ಪ್ರೀಸೆಟ್

ಮುನಿಕೃಷ್ಣ,

ನೀನು ತೀರಿಕೊಂಡ ಮೇಲೆ ನಾನು ಮತ್ತೆ ಆರ್ಕೆಸ್ಟ್ರಾ ಸೇರಿದ್ದೇನೆ. ಗಿಟಾರಿನ ಸದ್ದು ಬದಲಿಸಲು ನೀನು ಒತ್ತುತ್ತಿದ್ದ ಪ್ರೊಸೆಸರನ್ನು ನಿಮ್ಮಮ್ಮ ನಮಗೇ ಕೊಟ್ಟರು. ಹೊಸ ಗಿಟಾರಿಸ್ಟ್‌ಗೆಂದು ಇವತ್ತು ನೀನು ಅದರಲ್ಲಿ ಒಂದೊಂದು ಸಂದರ್ಭಕ್ಕೆಂದು ಸದ್ದು ಹೊಂದಿಸಿ ಉಳಿಸಿಟ್ಟ ಪ್ರೀಸೆಟ್‌ಗಳನ್ನೆಲ್ಲ ನಿನ್ನ ನೋಟ್‌ಬುಕ್ ನೋಡಿಕೊಂಡು ಪಟ್ಟಿ ಮಾಡಿದೆ. ಸೂಲಿಬೆಲೆ ಮದುವೆಗೊಂದು. ದೇವನಹಳ್ಳಿ ಛತ್ರದ ಮೇಲೆ ವಿಮಾನ ಹಾದುಹೋಗುವಾಗ ಒತ್ತಲು ಇನ್ನೊಂದು, ಅದರ ವಾಲ್ಯೂಮ್ ಎಲ್ಲಕ್ಕಿಂತ ಜಾಸ್ತಿ.

ನಲವತ್ತೊಂದರಲ್ಲಿ ‘ಹರ್ಷಿತ’ ಎಂದು ನನ್ನ ಹೆಸರಿತ್ತು. ವಾಲ್ಯೂಮ್ ಎಲ್ಲಕ್ಕಿಂತ ಕಡಿಮೆ.

“ನಿನ್ ಗಿಟಾರ್ ಸದ್ದಲ್ಲಿ ನನ್ ಹಾಡೇ ಕೇಳ್ಸಲ್ಲ ಕಣೋ, ಇನ್ಮೇಲೆ ನಾನು ಬರಲ್ಲ” ಎಂದು ಸ್ಟೇಜಿನಿಂದ ಇಳಿದು ಹೋಗಿದ್ದೆನಲ್ಲ, ನೋಟ್‌ಬುಕ್ಕಿನಲ್ಲಿ ನಲವತ್ತೊಂದರ ಮುಂದಿರುವುದು ಅದರ ಮರುದಿನದ ತಾರೀಕು.

“ಬೇಡದ್ದನ್ನ ಅಳಿಸ್ಬಿಡಿ ಅಕ್ಕ” ಎಂದಿದ್ದಾನೆ ಹೊಸಬ. ಅಳಿಸಲು ಗುಂಡಿಯನ್ನು ಎರಡು ಸಲ ಒತ್ತಬೇಕು.

ಒಂದು ಸಲ ಒತ್ತಿ ಕೂತಿದ್ದೇನೆ.