ಬಾಳೆತೋಟದಲ್ಲಿ ನನ್ನ ನ್ಯೂ ವೇವ್ ಕ್ಯಾಸೆಟ್

೧೪ ನವೆಂಬರ್, ಶುಕ್ರವಾರ. ಮಗ್ಗೆ.

ಹೆಂಡತಿ ತನುಜಾ ಮಾಡಿದ ಅವಮಾನ ಇನ್ನೂ ಉರಿಯುತ್ತಿದೆ. ಕೋತಿ ಓಡಿಸಲೆಂದು ಬಾಳೆತೋಟದಲ್ಲಿ ಹಳೇ ಟೇಪ್‌ರೆಕಾರ್ಡರ್ ಹಾಕಿಡುತ್ತೇವಲ್ಲ, ಅದಕ್ಕೆ ಇವತ್ತು ನನ್ನ ಕಾಲೇಜು ಕಾಲದ ನ್ಯೂ ವೇವ್ ಇಂಗ್ಲಿಷ್ ರಾಕ್ ಹಾಡುಗಳ ಕ್ಯಾಸೆಟ್ ತುರುಕಿದ್ದಾಳೆ!

"ಭಜನೆ ಕೇಳಿ ಕೇಳಿ ಕೋತಿಗಳಿಗೆ ಅಭ್ಯಾಸ ಆಗ್ಬುಟ್ಟೈತೆ ಕಣ್ರೀ. ನಿಮ್ಮ ಹಾಡಿಗೆ ಮನುಷ್ಯರೇ ನಿಲ್ಲಲ್ಲ, ಅವು ನಿಲ್ತವಾ?"

ಗಾಯಕ ಹಲ್ಲುನೋವಿನವನ ಹಾಗೆ ಹಾಡುತ್ತಾನೆ, ನಿಜ. ಆದರೆ ಹಿಂದೆ ಆ ಬೇಸ್ ಗಿಟಾರ್ ಯಾರಿಗೂ ಕಾಯದೆ ತನ್ನ ಪಾಡಿಗೆ ನಡೆದುಹೋಗುತ್ತದಲ್ಲ, ಅದು! ಮದುವೆಯಾದಾಗಿನಿಂದ ಜೀಪಿನಲ್ಲಿ ಒಬ್ಬನೇ ಕೇಳಿದ್ದೇನೆ. ಜೊತೆಗೆ ಕೂತವರೆಲ್ಲ ಎರಡನೇ ಹಾಡಿಗೇ ಆಫ್ ಮಾಡಿಸಿದ್ದಾರೆ.

ಸಂಜೆ ಕ್ಯಾಸೆಟ್ ಬಿಡಿಸಿಕೊಂಡು ಬರಲು ಸಿಟ್ಟಿನಲ್ಲೇ ಹೋದೆ. ಕೋತಿಗಳ ಹಿಂಡು ಟೇಪಿನ ಸುತ್ತ ಕೂತು, ನಮ್ಮದೇ ಬಾಳೆಹಣ್ಣು ಸುಲಿಯುತ್ತ ಕೇಳುತ್ತಿತ್ತು. ಡ್ರಮ್ ಬಂದ ಕಡೆ ಒಂದು ಮುದಿ ಗಡವ ತಲೆಯಾಡಿಸಿದ್ದನ್ನು ಕಣ್ಣಾರೆ ಕಂಡೆ. ಸದ್ದಿಲ್ಲದೆ ನಾನೂ ಪಕ್ಕದಲ್ಲಿ ಕೂತೆ. ಕೊನೆಯ ಹಾಡಿನವರೆಗೆ ಯಾರೂ ಏಳಲಿಲ್ಲ.

"ಓಡೋದ್ವಾ?" ಎಂದಳು ತನುಜಾ, ನಾನು ಮನೆಗೆ ಬಂದಾಗ.

"ಒಂದೂ ಇಲ್ಲ. ನಾಳೇನೂ ಇದನ್ನೇ ಹಾಕು," ಎಂದೆ.

ಗೊನೆ ಹೋದರೆ ಹೋಗಲಿ. ನಾಳೆ ಎರಡನೇ ಬದಿ ಕೇಳಿಸಬೇಕು. ಅದರಲ್ಲಿ ನಿಧಾನದ ಹಾಡುಗಳೇ ಜಾಸ್ತಿ, ಗಡವನಿಗೆ ಹಿಡಿಸುತ್ತದೋ ಇಲ್ಲವೋ ಎಂದು ಈಗಿಂದಲೇ...